ಕುದುರೆ ಕೊನೆಗೂ 64 ಮನೆ ಸುತ್ತಿತು: ನನ್ನ ಅನುಭವ

ಕೊನೆಗೂ ಆಯ್ತು. ಚದುರಂಗದ ಕುದುರೆ ಹಲಗೆಯ 64 ಮನೇನೂ ಒಂದೊಂದೇ ಸಲ ಮುಟ್ಟಿ ಮುಗಿಸ್ತು, ನಲವತ್ತು ಚಿಲ್ಲರೆ ಸಾಲಿನ ಪೈಥಾನ್ ಪ್ರೋಗ್ರಾಂ, ನಾಲ್ಕು ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್. "ಲೂಪ್ ಕಲಿತು ಮೂರು ತಿಂಗಳಾಗಿಲ್ಲ, ನಿನ್ನ ಕೈಲಿ ಆಗಲ್ಲ ಬಿಡಪ್ಪಾ" ಅಂದಿದ್ರು ಜೊತೆಯವರು, ಅದಕ್ಕೇ ಬರೀತಿದೀನಿ.

ಮೊದಲ ವಾರ ಬರೀ ಬ್ಯಾಕ್‌ಟ್ರ್ಯಾಕಿಂಗ್, ಅಂದ್ರೆ ದಾರಿ ಮುಚ್ಚಿದ್ರೆ ಒಂದು ಹೆಜ್ಜೆ ವಾಪಸ್ ಬಂದು ಬೇರೆ ಕಡೆ ಹಾರಿ ನೋಡೋದು. ವಾಪಸ್ ಬರುವಾಗ ಮನೇನ ಮತ್ತೆ ಖಾಲಿ ಮಾಡೋ ಸಾಲು ಬಿಟ್ಟುಹೋಗಿತ್ತು, ಓಡಿಸಿದ ತಕ್ಷಣ "ದಾರಿ ಇಲ್ಲ" ಅಂತ ಬರೋದು, ನಾನು ಎರಡು ದಿನ ನಡೆಗಳ ಲಿಸ್ಟನ್ನೇ ತಿದ್ದುತ್ತಾ ಕೂತಿದ್ದೆ. ಅದು ಸರಿಹೋದ್ಮೇಲೆ ಹಲಗೆ ನಡುವಿನ ಡಿ4 ಮನೆಯಿಂದ ಶುರುಮಾಡಿ ರಾತ್ರಿಯಿಡೀ ಬಿಟ್ಟೆ, ಬೆಳಗ್ಗೆ ನೋಡಿದ್ರೆ 58 ಮನೆ, 61 ಮನೆ, ಮತ್ತೆ 57, ಅಲ್ಲಲ್ಲೇ ಒದ್ದಾಡ್ತಿದೆ. ಮೊದಲ ಹತ್ತಿಪ್ಪತ್ತು ಹೆಜ್ಜೇಲೇ ಯಾವ್ದೋ ಮೂಲೆ ಕೆಟ್ಟಿರತ್ತೆ, ಇದು ಮಾತ್ರ ಕೊನೇ ಮನೆಗಳನ್ನೇ ಅದಲುಬದಲು ಮಾಡ್ತಾ ಇರತ್ತೆ. ಮೆಷೀನ್ ಸಾಲದು ಅಂದ್ಕೊಂಡು ಕ್ಲೌಡಲ್ಲಿ ಸರ್ವರ್ ಬಾಡಿಗೆ ತಗೊಂಡೆ, ಆಫ್ ಮಾಡೋದು ಮರೆತು 1,800 ರೂಪಾಯಿ ಹತ್ತಿರ ಹೋಯ್ತು, ಕುದುರೆ ಅಲ್ಲೇ ನಿಂತಿತ್ತು.

ಕೈಹಿಡಿದಿದ್ದು 1823ರ ವಾರ್ನ್ಸ್‌ಡಾರ್ಫ್ ನಿಯಮ: ಮುಂದಕ್ಕೆ ಅತಿ ಕಡಿಮೆ ದಾರಿ ಉಳಿದಿರೋ ಮನೆಗೇ ಮೊದಲು ಹಾರು. ಐದಾರು ಸಾಲು ಸೇರಿಸಿದೆ, ಎಂಟರ್ ಒತ್ತಿ ಕೈ ತೆಗೆಯೋದ್ರೊಳಗೆ 64 ಬಂದಿತ್ತು! ನಂಬಿಕೆ ಬರದೆ ಪೇಪರ್ ಮೇಲೆ ಪೆನ್ಸಿಲಲ್ಲಿ ಒಂದೊಂದೇ ಹೆಜ್ಜೆ ಎಳೆದು ನೋಡ್ದೆ. ಎರಡು ಮನೆ ಸಮ ಬಂದಾಗ ಯಾವ್ದಕ್ಕೆ ಹಾರಬೇಕು ಅನ್ನೋದ್ರಲ್ಲೇ ಇರೋದು ಕಷ್ಟ, ತಪ್ಪಿದ್ರೆ ಒಮ್ಮೊಮ್ಮೆ ಕೈಕೊಡತ್ತೆ. ಅದಕ್ಕೆ ನಂದೊಂದು ಉಪಾಯ ಇದೆ, ಯಾವ ಮನೆಯಿಂದ ಶುರುಮಾಡಿದ್ರೂ ದಾಟಿಸ್ತು, ಸದ್ಯಕ್ಕೆ ಹೇಳಲ್ಲ.

ಮಧ್ಯೆ ಐದಕ್ಕೈದರ ಹಲಗೆನೂ ನೋಡ್ದೆ. ಅಲ್ಲಿ ಮೂಲೆ ಬಣ್ಣದ ಮನೆ 13, ಇನ್ನೊಂದು ಬಣ್ಣದ್ದು 12, ಕುದುರೆ ಹಾರಿದಾಗೆಲ್ಲ ಬಣ್ಣ ಬದಲಾಗತ್ತೆ, ಅದಕ್ಕೇ ಈ 12ರಲ್ಲಿ ಎಲ್ಲಿಂದ ಹೊರಟ್ರೂ ಮುಗಿಯೋದೇ ಇಲ್ಲ, ಗೊತ್ತಿಲ್ದೆ ಒಂದು ಸಂಜೆ ಕಳೆದೆ. ಮೂಲೆಯಿಂದ 304 ದಾರಿ, ನಡುಮನೆಯಿಂದ 64, ಎಲ್ಲಾ ಎಣಿಸಿ ತೆಗೆದೆ.

ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಕಂಪ್ಯೂಟರೇ ಇಲ್ಲದ ಕಾಲದಲ್ಲಿ ಇಂಥ ಕುದುರೆ ನಡೆಗಳನ್ನ ಕಟ್ಟಿದ್ದವರು, ನೆನೆಸ್ಕೊಂಡ್ರೆ ಮೈ ಜುಂ ಅನ್ನತ್ತೆ. 1848ರಲ್ಲಿ ಬೆವರ್ಲಿ ಅನ್ನೋರು, ಕುದುರೆ ಮುಟ್ಟಿದ ಕ್ರಮದಲ್ಲೇ ಮನೆಗಳಿಗೆ 1ರಿಂದ 64ರವರೆಗೆ ನಂಬರ್ ಹಾಕಿದ್ರೆ ಅಡ್ಡ ಸಾಲು, ಉದ್ದ ಸಾಲು ಯಾವ್ದು ಕೂಡಿದ್ರೂ 260 ಬರೋ ಸುತ್ತು ಕೊಟ್ಟಿದ್ರು. ಇದರ ಜೊತೆಗೆ ಮೂಲೆಯಿಂದ ಮೂಲೆಗೆ ಹೋಗೋ ಎರಡು ಓರೆ ಸಾಲೂ 260 ಬರೋದು ಸಾಧ್ಯವಿಲ್ಲ ಅಂತ 2003ರಲ್ಲಿ ಕಂಪ್ಯೂಟರಲ್ಲೇ ಹುಡುಕಿ ತೀರ್ಮಾನ ಆಗಿದೆ. ನಂಗೆ ಬೆವರ್ಲಿ ಥರದ್ದೇ ಸಾಕು, ಅದನ್ನ ಹುಡುಕೋ ಪ್ರೋಗ್ರಾಂ ಮೂರು ದಿನದಿಂದ ಓಡ್ತಿದೆ, ನಿನ್ನೆ ರಾತ್ರಿ ನಾಲ್ಕು ಅಡ್ಡ ಸಾಲು 260ಕ್ಕೆ ಕೂತಿದ್ವು.