ಮಚ್ಚೆಯಿಲ್ಲದ ಕುಷ್ಠ, ಕಪ್ಪಾದ ಬೆರಳ ಗಂಟು

ನಾನು ಕಾರವಾರದಲ್ಲಿ ಚರ್ಮರೋಗ ವೈದ್ಯೆ. ಇಲ್ಲಿನವರು ನರದ ಡಾಕ್ಟರನ್ನು ಕಾಣಲು ಹೆಚ್ಚಾಗಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಹೋಗುತ್ತಾರೆ. ಹಾಗಾಗಿ ಜೋಮು, ಉರಿ ಅಂತ ಶುರುವಾದರೆ ಮೊದಲು ನನ್ನ ಬಾಗಿಲಿಗೇ ಬರುವವರು ಬಹಳ. ಅಂಥ ಎರಡು ಅಪರೂಪದ ಕೇಸ್‌ಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರ ಬಿಟ್ಟಿದ್ದೇನೆ.

ಮೊದಲನೆಯವರು ಬೈತಖೋಲದ ಕಡೆ ಬಲೆ ರಿಪೇರಿ ಮಾಡುವವರು. ಎಡಗೈಯ ಕಿರುಬೆರಳು, ಉಂಗುರ ಬೆರಳು ಮಡಚಿಕೊಳ್ಳತೊಡಗಿದ್ದವು. ಕುತ್ತಿಗೆಯ ಎಂಆರ್‌ಐ ಆಗಿತ್ತು. ಡಿಸ್ಕ್ ಸ್ವಲ್ಪ ಸವೆದಿದೆ ಎಂದು ಅದರಲ್ಲಿತ್ತು. ಐವತ್ತು ದಾಟಿದ ಎಷ್ಟೋ ಜನರ ಕುತ್ತಿಗೆಯಲ್ಲಿ ಇದು ಕಾಣುತ್ತದೆ. ಅವರು ನನ್ನ ಬಳಿ ಬಂದದ್ದು ಮಾತ್ರ ಬೆರಳಿನ ಸುಟ್ಟ ಗಾಯಕ್ಕೆ. "ಬೀಡಿ ತಾಗಿ ಸುಟ್ಟಿದ್ದೇ ಗೊತ್ತಾಗ್ಲಿಲ್ಲ ಡಾಕ್ಟ್ರೇ" ಎಂದರು.

ಈ ಮಾತು ಕೇಳಿದ ಮೇಲೆ ಗಾಯಕ್ಕೆ ಮುಲಾಮು ಕೊಟ್ಟು ಸುಮ್ನೆ ಕಳಿಸಲಾಗುವುದಿಲ್ಲ. ಕಣ್ಣು ಮುಚ್ಚಲು ಹೇಳಿ, ತೆಳು ನೈಲಾನ್ ಎಳೆಯಿಂದ ಕೈಯೆಲ್ಲ ಮುಟ್ಟುತ್ತಾ ಹೋದೆ. ಉಂಗುರ ಬೆರಳಿನ ಅರ್ಧ ಭಾಗಕ್ಕೆ ಸ್ಪರ್ಶವಿಲ್ಲ, ಇನ್ನರ್ಧ ಸರಿಯಿದೆ. ಮರಗಟ್ಟಿದ ಜಾಗ ಮಣಿಕಟ್ಟಿನ ಹತ್ತಿರ ನಿಂತುಹೋಗಿದೆ. ಕುತ್ತಿಗೆಯಲ್ಲಿ ನರ ಒತ್ತಿದ್ದರೆ ಅದು ಸಾಮಾನ್ಯವಾಗಿ ಮುಂಗೈಯ ಒಳಬದಿಗೂ ಹಬ್ಬಬೇಕಿತ್ತು. ಅಂದರೆ ತೊಂದರೆ ಇರುವುದು ಕುತ್ತಿಗೆಯಲ್ಲಲ್ಲ, ಕಿರುಬೆರಳ ಕಡೆಗೆ ಹೋಗುವ ಅಲ್ನಾರ್ ನರದಲ್ಲಿ.

ಈ ನರ ಮೊಣಕೈಯ ಒಳಬದಿ, ಎಲುಬಿನ ಹಿಂದೆ ಸಿಗುತ್ತದೆ. ಅಲ್ಲಿ ಪೆಟ್ಟು ಬಿದ್ದರೆ ಕಿರುಬೆರಳ ತನಕ ಕರೆಂಟ್ ಹೊಡೆದ ಹಾಗಾಗುತ್ತದಲ್ವಾ, ಅದೇ ಜಾಗ. ನಾನು ರೋಗಿಯ ಮೊಣಕೈ ಸ್ವಲ್ಪ ಮಡಿಸಿ, ಎರಡೂ ಕಡೆ ಒಟ್ಟಿಗೇ ಮುಟ್ಟಿ ಹೋಲಿಸುತ್ತೇನೆ. ಒತ್ತುವಾಗ ಕಣ್ಣು ಅವರ ಮುಖದ ಮೇಲಿರಬೇಕು. ನೋವಾದರೆ ಬಾಯಿಗಿಂತ ಮೊದಲು ಮುಖ ಹೇಳುತ್ತದೆ. ಇವರ ಎಡಗಡೆ ನರ ದಪ್ಪ ಹಗ್ಗದ ಹಾಗಿತ್ತು. ಮಂಡಿಯ ಕೆಳಗೆ, ಹೊರಬದಿಯಲ್ಲಿ ಪೆರೋನಿಯಲ್ ನರವೂ ದಪ್ಪಗಿತ್ತು. ಅದರ ಬಗ್ಗೆ ಅವರಿಗೆ ಯಾವ ದೂರೂ ಇರಲಿಲ್ಲ.

ಕಿಟಕಿ ಬೆಳಕಿನಲ್ಲಿ ಬೆನ್ನು, ಪೃಷ್ಠ, ಕಿವಿ, ಅಂಗಾಲು ಎಲ್ಲ ನೋಡಿದೆ. ಒಂದೂ ಮಚ್ಚೆ ಇಲ್ಲ. ಬ್ಯಾಕ್ಟೀರಿಯಾ ಇದೆಯೇ ಎಂದು ನೋಡಲು ಕಿವಿಯ ಹಾಲೆಯಿಂದ ತೆಗೆದ ಸ್ಮಿಯರ್‌ನಲ್ಲೂ ಏನೂ ಸಿಗಲಿಲ್ಲ. ಆದರೂ ನನ್ನ ಅನುಮಾನ ಕುಷ್ಠದ ಮೇಲೇ. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಗುರುತಿಸಿದ ಈ ಬ್ಯಾಕ್ಟೀರಿಯಾಕ್ಕೆ ದೇಹದ ತಂಪು ಜಾಗ ಇಷ್ಟ. ಚರ್ಮಕ್ಕೆ ಹತ್ತಿರ ಹಾಯುವ ನರಗಳಲ್ಲಿ ಅದು ಸೇರಿಕೊಳ್ಳುತ್ತದೆ. ಕೆಲವರಲ್ಲಿ ನರದಲ್ಲಷ್ಟೇ ಉಳಿದು ಚರ್ಮದ ಮೇಲೆ ಕಾಣಿಸಿಕೊಳ್ಳುವುದೇ ಇಲ್ಲ. ಇಂಥ ನರದ ಕುಷ್ಠ ಬೇರೆ ದೇಶಗಳಿಗಿಂತ ಭಾರತ, ನೇಪಾಳಗಳಿಂದಲೇ ಹೆಚ್ಚು ವರದಿಯಾಗಿದೆ.

ನರದಲ್ಲಿ ಸಂಕೇತ ಹೇಗೆ ಹರಿಯುತ್ತದೆ ಎಂದು ನೋಡುವ ಕಂಡಕ್ಷನ್ ಟೆಸ್ಟ್‌ಗೆ ಕಳಿಸಿದೆ. ಎರಡೂ ನರ ಕೆಟ್ಟಿದ್ದು ಖಚಿತವಾಯಿತು. ಆಮೇಲೆ ಮಣಿಕಟ್ಟಿನ ಬಳಿ, ಸ್ಪರ್ಶಕ್ಕೆ ಮಾತ್ರ ಇರುವ ಒಂದು ಸಣ್ಣ ನರದ ಬಯಾಪ್ಸಿ ಆಯಿತು. ಬೆರಳು ಆಡಿಸುವ ನರವನ್ನು ಇದಕ್ಕೆ ಮುಟ್ಟಬಾರದು. ಬಯಾಪ್ಸಿ ಮಾಡಿದ ಕಡೆ ಸ್ವಲ್ಪ ಮರಗಟ್ಟುವುದು ಹಾಗೇ ಉಳಿಯಬಹುದು. ಇದನ್ನು ಮೊದಲೇ ಹೇಳಿ ಒಪ್ಪಿಗೆ ತೆಗೆದುಕೊಂಡಿದ್ದೆವು. ವರದಿಯಲ್ಲಿ ಕುಷ್ಠದ ಬ್ಯಾಕ್ಟೀರಿಯಾ ಸಿಕ್ಕಿತು.

ಒಂದಕ್ಕಿಂತ ಹೆಚ್ಚು ನರ ಕೆಟ್ಟಿದ್ದರಿಂದ 12 ತಿಂಗಳ ಎಂಡಿಟಿ, ಅಂದರೆ ಕುಷ್ಠಕ್ಕೆ ಹಲವು ಔಷಧಿ ಒಟ್ಟಿಗೆ ಕೊಡುವ ಚಿಕಿತ್ಸೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ನರದ ಊತಕ್ಕೆ ಪ್ರೆಡ್ನಿಸೊಲೋನ್ ಶುರುಮಾಡಿ ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಿದೆ. ಶುಗರ್, ಬಿಪಿ ನೋಡಿ, ಜಂತುಹುಳಕ್ಕೆ ಔಷಧಿ ಕೊಟ್ಟ ಮೇಲಷ್ಟೇ ಈ ಸ್ಟೀರಾಯ್ಡ್. ಎಂಡಿಟಿಯಲ್ಲಿರುವ ರಿಫಾಂಪಿಸಿನ್ ತಗೊಂಡ ದಿನ ಮೂತ್ರ ಕೆಂಪಾಗುತ್ತದೆ, ಕ್ಲೋಫಾಜಿಮಿನ್‌ನಿಂದ ಮೈ ಕಪ್ಪಾಗುತ್ತದೆ. ಇದನ್ನು ಮೊದಲ ದಿನವೇ ಹೇಳದಿದ್ದರೆ ಜನ ಹೆದರಿ ಮಾತ್ರೆ ಬಿಡುತ್ತಾರೆ.

ಔಷಧಿಗಿಂತ ಕಷ್ಟವಾದದ್ದು ರೋಗದ ಹೆಸರು ಹೇಳುವುದು. ಅವರ ಹೆಂಡತಿಯನ್ನೂ ಕೂರಿಸಿಕೊಂಡು ಮಾತಾಡಿದೆ. ಒಂದೇ ತಟ್ಟೆ, ಒಂದೇ ಹಾಸಿಗೆ ಬಿಡಬೇಕಾಗಿಲ್ಲ ಅಂದೆ. 2019ರ ತನಕ ನಮ್ಮ ವಿಚ್ಛೇದನ ಕಾನೂನುಗಳಲ್ಲಿ ಕುಷ್ಠವೂ ಒಂದು ಕಾರಣವಾಗಿತ್ತು ಎಂಬುದು ನನಗೆ ಈಗಲೂ ನೋವಿನ ವಿಷಯ. ಮನೆಯವರನ್ನೆಲ್ಲ ಪರೀಕ್ಷಿಸಿದೆವು. ಯಾರಲ್ಲೂ ರೋಗ ಇರಲಿಲ್ಲ. ಮುಂಜಾಗ್ರತೆಗೆ ಒಂದು ಡೋಸ್ ರಿಫಾಂಪಿಸಿನ್ ಕೊಡಿಸಿದೆವು. ಅವರ ಕಾಲಿನ ಬಲ ಉಳಿಯಿತು, ಕೈಗೆ ಸ್ಪರ್ಶ ಸ್ವಲ್ಪ ಬಂತು. ಸೊರಗಿದ ಸ್ನಾಯು ಮಾತ್ರ ತುಂಬಲಿಲ್ಲ. ಬೆರಳಿಗೆ ಸ್ಪ್ಲಿಂಟ್ ಹಾಕಿಕೊಂಡು ಬಲೆ ಕೆಲಸ ಮಾಡುತ್ತಿದ್ದಾರೆ.

ಇನ್ನೊಬ್ಬರು ಶಿರಸಿ ಕಡೆಯ ತೋಟದ ಮನೆಯ ಅಜ್ಜಿ. ಬೆರಳ ಗಂಟುಗಳು ಕಪ್ಪಾಗಿವೆ, ಕ್ರೀಮ್ ಬೇಕು ಎಂದರು. ಅಂಗೈ ಗೆರೆಗಳೂ ಕಪ್ಪಗಿದ್ದವು. ನಡೆಯುವಾಗ ಹೇಗಿದೆ ಅಂತ ಕೇಳಿದೆ. ಬಚ್ಚಲಲ್ಲಿ ಕಣ್ಣು ಮುಚ್ಚಿ ಮುಖ ತೊಳೆಯುವಾಗ ವಾಲುತ್ತೇನೆ ಎಂದರು. ಕಾಲು ಬೆರಳು ಮೇಲಿದೆಯೋ ಕೆಳಗಿದೆಯೋ ಎಂಬುದು ಕಣ್ಣು ಮುಚ್ಚಿದರೆ ತಿಳಿಯುತ್ತಿರಲಿಲ್ಲ. ಅದನ್ನು ತಿಳಿಸುವುದು ಬೆನ್ನುಹುರಿಯ ಹಿಂಭಾಗದ ಕೆಲಸ. ಬಿ12 ವಿಟಮಿನ್ ಕಡಿಮೆಯಾದರೆ ಆ ಭಾಗ ಕೆಡಬಹುದು, ಬೆರಳ ಗಂಟೂ ಕಪ್ಪಾಗಬಹುದು. ಬಿ12 ರಕ್ತಪರೀಕ್ಷೆ ಮಾಡಿಸಿದೆ, ತೀರಾ ಕಡಿಮೆ ಬಂತು. ಇಂಜೆಕ್ಷನ್ ಶುರುವಾಯಿತು. ಮೀನು, ಮೊಟ್ಟೆ ತಿನ್ನದ ಮನೆ, ಹಾಲು ಮೊಸರೂ ವಯಸ್ಸಾದ ಮೇಲೆ ಕಡಿಮೆಯಾಗಿತ್ತು. ಕೆಲವು ತಿಂಗಳಲ್ಲಿ ಗಂಟಿನ ಕಪ್ಪು ಇಳಿಯಿತು. ನಡಿಗೆ ಸುಧಾರಿಸಲು ಅದಕ್ಕಿಂತ ಹೆಚ್ಚು ಸಮಯ ಬೇಕಾಯಿತು. ಈಗ ಬಚ್ಚಲಲ್ಲಿ ಗೋಡೆಗೆ ಹಿಡಿಕೆ ಹಾಕಿಸಿದ್ದಾರೆ, ಇಂಜೆಕ್ಷನ್‌ಗೆ ಊರಿನ ಆರೋಗ್ಯ ಕೇಂದ್ರಕ್ಕೇ ಹೋಗುತ್ತಾರೆ.