ಮಾಳಿಗೆಗೆ ಬೆಳ್ಳಿ ಬಣ್ಣ ಬೇಡ, ಬಿಳಿ ಬಣ್ಣ ಬಳಿಸಿ

ರಾಯಚೂರಿನ ಬಿಸಿಲಿಗೆ ಹೆದರಿ ಮಾಳಿಗೆಗೋ ತಗಡಿಗೋ ಬಣ್ಣ ಹೊಡೆಸುವವರು ಹೊಳೆಯುವ ಬೆಳ್ಳಿ ಬಣ್ಣ ಬಿಟ್ಟು ಅಚ್ಚ ಬಿಳಿಯ ಕೂಲ್ ರೂಫ್ ಬಣ್ಣವನ್ನೇ ಎರಡು ಕೋಟ್ ಹೊಡೆಸಿ. ಡಬ್ಬದ ಮೇಲಿನ ಎಸ್‌ಆರ್‌ಐ ಅಂಕಿ (ಬಿಸಿಲನ್ನು ಹಿಂದಕ್ಕೆ ತಳ್ಳುವ, ಶಾಖವನ್ನು ಹೊರಬಿಡುವ ಶಕ್ತಿಯ ಅಳತೆ) 100ರ ಆಸುಪಾಸಿನಲ್ಲಿರಲಿ. ಬಿಸಿಲನ್ನು ಎರಡೂ ಹಿಂದಕ್ಕೆ ತಳ್ಳುತ್ತವೆ, ನಿಜ. ಆದರೆ ಹೀರಿಕೊಂಡ ಶಾಖವನ್ನು ಬಿಳಿ ಬಣ್ಣ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಬಿಟ್ಟುಕೊಡುತ್ತದೆ, ಬೆಳ್ಳಿ ಬಣ್ಣದಲ್ಲಿರುವ ಅಲ್ಯೂಮಿನಿಯಂ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಗಟ್ಟಿ ಸುಣ್ಣವೂ ಇದೇ ಕೆಲಸ ಮಾಡುತ್ತದೆ, ಮಳೆಗೆ ತೊಳೆದುಹೋಗುತ್ತದೆ ಅಷ್ಟೇ. ಬಿಳಿ ಮಾಳಿಗೆಯ ದೊಡ್ಡ ಶತ್ರು ದೂಳು. ಸಂಡೂರಿನ ಕಡೆ ಅದಿರಿನ ಕೆಂಪು ದೂಳು, ಶಕ್ತಿನಗರದ ಕಡೆ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಕೂತು ಮಾಳಿಗೆ ಕಂದಿದರೆ ದುಬಾರಿ ಬಣ್ಣವೂ ದಂಡ. ಬೇಸಿಗೆಗೆ ಮುಂಚೆ ಪೊರಕೆ ಹಾಕಿ ಉಜ್ಜಿ ತೊಳೆಯಬೇಕು. ಪಾಚಿ, ತೇವ ಇರುವ ಕಡೆ ಬಳಿದರೆ ಹಪ್ಪಳದಂತೆ ಏಳುತ್ತದೆ. ಎರಡಂತಸ್ತಿನ ಮನೆಯಲ್ಲಿ ಕೆಳಗಿನವರಿಗೆ ಲಾಭ ಕಾಣುವುದಿಲ್ಲ, ಪಡುವಣ ಗೋಡೆಯ ಕಾವೂ ಇಳಿಯುವುದಿಲ್ಲ. ಡಿಸೆಂಬರಿನ ರಾತ್ರಿ ತಗಡಿನ ಮನೆ ಇನ್ನಷ್ಟು ತಣ್ಣಗಾಗುವುದುಂಟು. ಚಳಿಯಲ್ಲಿ ಶಾಖ ಉಳಿಸಿಕೊಂಡು ಸೆಕೆಯಲ್ಲಿ ಮಾತ್ರ ಹೊರಬಿಡುವ ವನೇಡಿಯಂ ಡೈಆಕ್ಸೈಡ್ ಲೇಪನವನ್ನು ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು 2021ರಲ್ಲೇ ಮಾಡಿ ತೋರಿಸಿದ್ದಾರೆ; ನಮ್ಮ ಬಣ್ಣದಂಗಡಿಯವನನ್ನು ಕೇಳಿ ಪ್ರಯೋಜನವಿಲ್ಲ.