ಬೆಳಗ್ಗೆ ಬೂಟ್ ಆಗದ, ಮಧ್ಯಾಹ್ನ ಸರಿಯಾಗಿ ಓಡುವ ಹಳೇ ಸಿಸ್ಟಂ: ತಪ್ಪು ಸಿಕ್ಕಿದ್ದು ಎಲ್ಲಿ

ಮೊದಲು ಸಿಸ್ಟಂ ವಿವರ. 2010ರಲ್ಲಿ ಬಿಡಿಭಾಗ ತಂದು ಮನೆಯಲ್ಲೇ ಅಸೆಂಬಲ್ ಮಾಡಿದ್ದು. ಇಂಟೆಲ್ ಕೋರ್ 2 ಡ್ಯುಯೊ ಇ7500, ಜಿ41 ಚಿಪ್‌ಸೆಟ್ ಮದರ್‌ಬೋರ್ಡ್, 2 ಜಿಬಿಯ ಎರಡು ಡಿಡಿಆರ್3 ರ‍್ಯಾಮ್, 500 ಜಿಬಿ ಸಾಟಾ ಹಾರ್ಡ್‌ಡಿಸ್ಕ್, 450 ವ್ಯಾಟ್ ಎಂದು ಸ್ಟಿಕರ್ ಇರುವ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ), ವಿಂಡೋಸ್ 7. ಗ್ರಾಫಿಕ್ಸ್ ಕಾರ್ಡ್ ಇಲ್ಲ, ಬೋರ್ಡಿನ ವಿಜಿಎಯೇ. ಇರುವುದು ದಾವಣಗೆರೆಯಲ್ಲಿ, ಮಂಡಕ್ಕಿ ಭಟ್ಟಿಗಳಿಗೆ ಹತ್ತಿರದ ಮನೆಯಲ್ಲಿ.

ತೊಂದರೆ ಹೀಗಿತ್ತು. ಚಳಿಗಾಲದ ಬೆಳಗ್ಗೆ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಒಂದು ಸಣ್ಣ ಬೀಪ್, ಬಯೋಸ್ ಲೋಗೋ. ವಿಂಡೋಸ್‌ನ ನಾಲ್ಕು ಬಣ್ಣದ ಚುಕ್ಕಿಗಳು ಸುತ್ತಿ ಒಂದಾಗುವಷ್ಟರಲ್ಲಿ ಸ್ಕ್ರೀನ್ ಹಾಗೇ ನಿಂತುಬಿಡುತ್ತದೆ, ಇಲ್ಲವೇ ರೀಸ್ಟಾರ್ಟ್ ಆಗುತ್ತದೆ. ನಾಲ್ಕೈದು ಸಲ ಆಫ್-ಆನ್ ಮಾಡಿದ ಮೇಲೆ ಒಮ್ಮೆ ಡೆಸ್ಕ್‌ಟಾಪ್‌ವರೆಗೆ ಬರುತ್ತದೆ. ಒಮ್ಮೆ ಬಂದರೆ ರಾತ್ರಿವರೆಗೂ ತಕರಾರಿಲ್ಲ.

ಇಂಥದ್ದಕ್ಕೆ ಎಲ್ಲರ ಮೊದಲ ಮಾತು ಒಂದೇ: "ಫಾರ್ಮ್ಯಾಟ್ ಹೊಡೆದುಬಿಡಿ ಅಣ್ಣಾ." ದಯವಿಟ್ಟು ಹೊಡೆಯಬೇಡಿ. ವಿಂಡೋಸ್ ಫೈಲ್ ಕೆಟ್ಟಿದ್ದರೆ ಅದು ಬೆಳಗ್ಗೆಯೂ ಕೆಟ್ಟಿರುತ್ತದೆ, ಮಧ್ಯಾಹ್ನವೂ ಕೆಟ್ಟಿರುತ್ತದೆ. ತಣ್ಣಗಿದ್ದಾಗ ಮಾತ್ರ ಬರುವ ತಪ್ಪು ಹಾರ್ಡ್‌ವೇರ್‌ನದ್ದು. ಅದನ್ನು ಹಾಗೇ ಬಿಟ್ಟು ವಿಂಡೋಸ್ ಹಾಕಲು ಹೋದರೆ ಇನ್‌ಸ್ಟಾಲ್ ಅರ್ಧಕ್ಕೆ ನಿಂತು ಇದ್ದ ಡೇಟಾ ಕೂಡ ಹೋಗುತ್ತದೆ.

ಎಫ್8 ಒತ್ತಿ 'ಡಿಸೇಬಲ್ ಆಟೊಮ್ಯಾಟಿಕ್ ರೀಸ್ಟಾರ್ಟ್' ಆರಿಸಿಕೊಂಡರೆ ನೀಲಿ ಸ್ಕ್ರೀನ್ ಓದಲು ಸಿಗುತ್ತದೆ. ಇಲ್ಲಿ ಬಂದ ತಪ್ಪಿನ ಕೋಡ್ ಒಂದು ದಿನ 0x50, ಮರುದಿನ 0x1A, ಇನ್ನೊಂದು ದಿನ ಬೇರೆಯೇ. ಪ್ರತಿ ಸಲವೂ ಒಂದೇ ಕೋಡ್ ಬಂದರೆ ಡ್ರೈವರ್ ಮೇಲೆ ಅನುಮಾನಪಡಬಹುದು. ದಿನಕ್ಕೊಂದು ಕೋಡ್ ಬಂದರೆ ರ‍್ಯಾಮ್, ಪವರ್ ಅಥವಾ ಬೋರ್ಡ್. ಸೇಫ್ ಮೋಡ್‌ನಲ್ಲಿ ಪಟ್ಟಿ 'ಕ್ಲಾಸ್‌ಪಿಎನ್‌ಪಿ.ಸಿಸ್' ಎಂಬಲ್ಲಿ ನಿಂತರೆ ಆ ಫೈಲನ್ನೇ ಬದಲಿಸಲು ಹೋಗುವವರಿದ್ದಾರೆ. ಅದು ಸರಿಯಾಗಿ ಲೋಡ್ ಆದ ಕೊನೆಯ ಫೈಲ್. ತೊಂದರೆ ಇರುವುದು ಅದರ ನಂತರದ ಹೆಜ್ಜೆಯಲ್ಲಿ, ಎಷ್ಟೋ ಸಲ ಹಾರ್ಡ್‌ಡಿಸ್ಕ್ ಕಡೆ.

ಹಾಗಾಗಿ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಮೊದಲು ಡೇಟಾ ಕಾಪಿ ಮಾಡಿಕೊಂಡೆ, ಆಮೇಲೆ ಸ್ಮಾರ್ಟ್ ಪಟ್ಟಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿದೆ. ಡಿಸ್ಕ್ ಕೆಡುತ್ತಿದ್ದರೆ ವಿಂಡೋಸ್‌ನ ಡಿಸ್ಕ್ ತಪಾಸಣೆ 'ಚೆಕ್‌ಡಿಸ್ಕ್' ಓಡಿಸಿದಷ್ಟೂ ಇನ್ನಷ್ಟು ಹಾಳಾಗುತ್ತದೆ, ಅದಕ್ಕೇ ಕಾಪಿ ಮೊದಲು. ಪಟ್ಟಿಯಲ್ಲಿ 05, ಸಿ5, ಸಿ6 (ಕೆಟ್ಟ ಸೆಕ್ಟರ್‌ಗಳ ಎಣಿಕೆ) ಈ ಮೂರರ ಕಚ್ಚಾ ಸಂಖ್ಯೆ ಸೊನ್ನೆ ಇರಬೇಕು. ಸಿ7 ಏರುತ್ತಿದ್ದರೆ ಡಿಸ್ಕ್ ಅಲ್ಲ, ಸಾಟಾ ಕೇಬಲ್ ಬದಲಿಸಿ. ಇಲ್ಲಿ ನಾಲ್ಕೂ ಸೊನ್ನೆ.

ಮುಂದೆ ಒಂದು ನಿಯಮ ಇಟ್ಟುಕೊಂಡೆ: ಒಂದು ಬೆಳಗ್ಗೆಗೆ ಒಂದೇ ಪರೀಕ್ಷೆ, ಒಂದೇ ಬದಲಾವಣೆ. ಬಿಸಿಯಾದ ಯಂತ್ರದಲ್ಲಿ ಮಾಡಿದ ಪರೀಕ್ಷೆ ಏನೂ ಹೇಳುವುದಿಲ್ಲ. ರಿಪೇರಿಗೆ ಕೊಟ್ಟ ಸಿಸ್ಟಂ ಅಂಗಡಿಯಲ್ಲಿ ಸರಿಯಾಗಿ ಓಡಿ, ಮನೆಗೆ ಬಂದ ಮರುದಿನ ಮತ್ತೆ ನಿಲ್ಲುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಮೊದಲ ದಿನ ಯುಪಿಎಸ್ ತಪ್ಪಿಸಿ ನೇರ ಗೋಡೆಯ ಸಾಕೆಟ್‌ಗೆ ಹಾಕಿದ್ದು. ಅಲ್ಲಿ 228 ವೋಲ್ಟ್. ಪಕ್ಕದ ಮನೆಯ ಬೋರ್ ಮೋಟಾರ್ ಶುರುವಾದಾಗ ವೋಲ್ಟೇಜ್ ಕುಸಿಯುವ ಓಣಿಗಳಲ್ಲಿ ಈ ಅಳತೆ ತಪ್ಪಿಸಬೇಡಿ. ತೊಂದರೆ ಹಾಗೇ ಇತ್ತು. ಎರಡನೇ ದಿನ ಪ್ರಿಂಟರ್, ಪೆನ್‌ಡ್ರೈವ್, ಡಿವಿಡಿ ಡ್ರೈವ್, ಮುಂಭಾಗದ ಯುಎಸ್‌ಬಿಯ ವೈರ್ ಎಲ್ಲ ಕಿತ್ತು ಬರೀ ಕೀಬೋರ್ಡ್ ಇಟ್ಟೆ. ಮುಂಭಾಗದ ಯುಎಸ್‌ಬಿ ಒಳಗೆ ಪಿನ್ ಬಾಗಿ ಶಾರ್ಟ್ ಆಗಿದ್ದರೆ ಲೋಗೋದಲ್ಲೇ ನಿಲ್ಲುವುದುಂಟು. ಇಲ್ಲಿ ಅದೂ ಅಲ್ಲ.

ಆಮೇಲೆ ಸಿಮಾಸ್ ಸೆಲ್, ಅಂದರೆ ಬೋರ್ಡಿನ ಗಡಿಯಾರ ಮತ್ತು ಬಯೋಸ್ ಸೆಟ್ಟಿಂಗ್ ಉಳಿಸುವ ಗುಂಡಿಯಾಕಾರದ ಬ್ಯಾಟರಿ, ಸಿಆರ್2032. ಹೊಸದಿದ್ದಾಗ 3 ವೋಲ್ಟ್ ಮೇಲೆ, ಇಲ್ಲಿ 2.4. ಬದಲಿಸಿದ ಮೇಲೆ ತಾರೀಖು ಸರಿಯಾಗಿ ಉಳಿಯಿತು, ಬೂಟ್ ತೊಂದರೆ ನಿಲ್ಲಲಿಲ್ಲ. ಸೆಲ್ ತೆಗೆದರೆ ಬಯೋಸ್ ಸೆಟ್ಟಿಂಗ್ ಎಲ್ಲ ಮೊದಲಿನಂತಾಗುತ್ತದೆ. ಜಿ41 ಜೊತೆ ಸಾಮಾನ್ಯವಾಗಿ ಬರುವ ಐಸಿಎಚ್7 ಚಿಪ್‌ನಲ್ಲಿ ಸಾಟಾಗೆ ಐಡಿಇ ಮೋಡ್ (ಡಿಸ್ಕ್ ಜೊತೆ ಮಾತಾಡುವ ಹಳೇ ಬಗೆ) ಮಾತ್ರ, ಹಾಗಾಗಿ ತಲೆನೋವಿಲ್ಲ. ಎಚ್61ನಂಥ ಬೋರ್ಡ್‌ಗಳಲ್ಲಿ ಎಎಚ್‌ಸಿಐ (ಅದರ ಹೊಸ ಬಗೆ) ಇದ್ದದ್ದು ಐಡಿಇ ಆಗಿ ವಿಂಡೋಸ್ 7ರಲ್ಲಿ 0x7B ಬಂದರೆ ಹೊಸ ರೋಗ ಎಂದು ಗಾಬರಿಯಾಗಬೇಡಿ, ಹಳೇ ಮೋಡ್‌ಗೆ ಮರಳಿಸಿದರೆ ಸಾಕು.

ಎಸ್‌ಎಂಪಿಎಸ್ ಅಳೆಯಲು ಮಲ್ಟಿಮೀಟರ್ ಡಿಸಿ 20 ವೋಲ್ಟ್‌ಗೆ ಇಟ್ಟು, ಸಿಸ್ಟಂ ಓಡುತ್ತಿರುವಾಗಲೇ 24 ಪಿನ್ ಕನೆಕ್ಟರ್‌ನ ಹಿಂಬದಿಯಿಂದ ಮೀಟರ್ ವೈರಿನ ಮೊನೆ ಚುಚ್ಚಿ ನೋಡಬೇಕು. ಹಳದಿ ವೈರ್ 11.4ರಿಂದ 12.6, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.46 ಒಳಗಿರಬೇಕು. ಬಂದದ್ದು 11.9, 5.08, 3.31. ಮೀಟರ್ ಸರಾಸರಿಯನ್ನು ಮಾತ್ರ ತೋರಿಸುತ್ತದೆ, ಒಳಗಿನ ಅಲೆಯನ್ನಲ್ಲ, ಅಂದರೆ ವೋಲ್ಟೇಜ್‌ನ ವೇಗದ ಏರಿಳಿತವನ್ನಲ್ಲ. ಆದ್ದರಿಂದ ಸರಿಯಿರುವ ಇನ್ನೊಂದು ಎಸ್‌ಎಂಪಿಎಸ್ ತಂದು ಮರುದಿನ ಬೆಳಗ್ಗೆ ಹಾಕಿ ನೋಡಿದೆ. ಅದರಲ್ಲೂ ಹಾಗೇ ನಿಂತಿತು. ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡಿ, ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು.

ಪ್ರೊಸೆಸರ್ ತಣ್ಣಗಿಡುವ ಲೋಹದ ಹೀಟ್‌ಸಿಂಕ್‌ನಲ್ಲಿ ಭಟ್ಟಿಯ ಹೊಗೆಯ ಮಸಿ ಜಿಡ್ಡಾಗಿ ಮೆತ್ತಿಕೊಂಡಿತ್ತು. ಬ್ಲೋವರ್‌ಗೆ ಅದು ಅಲ್ಲಾಡುವುದಿಲ್ಲ. ಫ್ಯಾನ್ ಬಿಚ್ಚಿ, ಹಳೇ ಟೂತ್‌ಬ್ರಷ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒಂದೊಂದೇ ಸಂದು ತಿಕ್ಕಬೇಕಾಯಿತು. ಈ ಪ್ರೊಸೆಸರ್ ಸಾಕೆಟ್‌ನ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಪಿನ್. ಒಂದು ಸಡಿಲವಾದರೂ ಪ್ರೊಸೆಸರ್ ಕಾಯುತ್ತದೆ, ಬೋರ್ಡಿನ ಹಿಂದೆ ಕೈಯಾಡಿಸಿ ನಾಲ್ಕೂ ಹೊರಬಂದಿವೆಯೇ ನೋಡಿ. ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವೆ ಹಚ್ಚುವ ಪೇಸ್ಟ್ ಹೆಸರುಕಾಳಿನಷ್ಟು ಸಾಕು. ಬಯೋಸ್‌ನಲ್ಲಿ 41 ಡಿಗ್ರಿ. ಸೆಕೆಗಾಲಕ್ಕೆ ಇದು ಬೇಕಾದ ಕೆಲಸವೇ, ಆದರೆ ನಮ್ಮ ತೊಂದರೆ ಬಿಸಿಯದಲ್ಲ, ತಂಪಿನದು.

ನಿಜವಾದ ದಾರಿ ತೋರಿಸಿದ್ದು ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಂ ಮೆಮ್‌ಟೆಸ್ಟ್86+. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು, ಬೆಳಗ್ಗೆ ಮೊದಲ ಸಲ ಬಟನ್ ಒತ್ತಿದ ಕೂಡಲೇ ಅದರಿಂದಲೇ ಬೂಟ್ ಮಾಡಿದೆ. ಮೊದಲ ಮೂರು ನಿಮಿಷದಲ್ಲಿ ಕೆಂಪು ಸಾಲುಗಳು ಸುರಿದವು, ಪ್ರತಿ ಸಾಲಿನಲ್ಲೂ ಬೇರೆ ಬೇರೆ ವಿಳಾಸ. ಹನ್ನೆರಡು ನಿಮಿಷದ ನಂತರ ಹೊಸ ತಪ್ಪು ಒಂದೂ ಇಲ್ಲ. ರ‍್ಯಾಮ್‌ನ ಚಿನ್ನದ ಬಣ್ಣದ ಅಂಚನ್ನು ಬಿಳಿ ರಬ್ಬರ್‌ನಿಂದ ಉಜ್ಜಿ, ಮರುದಿನ ಒಂದನ್ನೇ ಹಾಕಿ ನೋಡಿದೆ. ಅದರ ಮರುದಿನ ಇನ್ನೊಂದನ್ನು, ಆಮೇಲೆ ಸ್ಲಾಟ್ ಬದಲಿಸಿ. ಯಾವ ರ‍್ಯಾಮ್ ಯಾವ ಸ್ಲಾಟ್‌ನಲ್ಲಿದ್ದರೂ ತಣ್ಣಗಿದ್ದಾಗ ತಪ್ಪು, ಬಿಸಿಯಾದಾಗ ಸರಿ. ಎರಡು ರ‍್ಯಾಮೂ ಎರಡು ಸ್ಲಾಟೂ ಒಟ್ಟಿಗೇ ಕೆಡುವುದು ಬಹಳ ಅಪರೂಪ. ಅವೆರಡಕ್ಕೂ ಒಂದೇ ಕಡೆಯಿಂದ ಬರುವುದು 1.5 ವೋಲ್ಟ್ ಸಪ್ಲೈ.

ಆ ಸಪ್ಲೈಯನ್ನು ನಯ ಮಾಡುವ ಕೆಪಾಸಿಟರ್‌ಗಳು ರ‍್ಯಾಮ್ ಸ್ಲಾಟ್ ಮತ್ತು 24 ಪಿನ್ ಕನೆಕ್ಟರ್ ನಡುವೆ ನಿಂತಿದ್ದವು: ನಾಲ್ಕು, ತಲಾ 1000 ಮೈಕ್ರೊಫ್ಯಾರಡ್, 6.3 ವೋಲ್ಟ್. ಇಂಥ ಕೆಪಾಸಿಟರ್ ಒಳಗಿನ ದ್ರವ ವರ್ಷಗಳ ಬಿಸಿಗೆ ಒಣಗುತ್ತಾ ಹೋಗುತ್ತದೆ. ಉಳಿದಷ್ಟು ದ್ರವ ತಂಪಿಗೆ ಮಂದವಾದಾಗ ಒಳರೋಧ ಏರಿ ಅಲೆಯನ್ನು ತಡೆಯಲಾಗುವುದಿಲ್ಲ. ಬೋರ್ಡ್ ಬೆಚ್ಚಗಾದರೆ ಹೇಗೋ ಕೆಲಸ ನಡೆಸುತ್ತದೆ. ಬೆಳಗ್ಗೆಯ ಒಗಟು ಇಷ್ಟೇ. ನಾಲ್ಕರಲ್ಲಿ ಒಂದರ ತಲೆ ಮಾತ್ರ ಸ್ವಲ್ಪ ಉಬ್ಬಿತ್ತು, ಬೆರಳ ತುದಿ ಸವರಿದರೆ ಗೊತ್ತಾಗುವಷ್ಟು. ಉಳಿದ ಮೂರು ಮಟ್ಟಸ. ಉಬ್ಬಿಲ್ಲ ಎಂದ ಮಾತ್ರಕ್ಕೆ ಸರಿಯಿದೆ ಎಂದಲ್ಲ.

ಬೆಸುಗೆಗೆ ಮುನ್ನ ಒಂದು ಖಾತ್ರಿ ಬೇಕಿತ್ತು. ಹಳೇ ಲಗ್ನಪತ್ರಿಕೆಯ ರಟ್ಟಿನಲ್ಲಿ ಎರಡು ಬೆರಳಗಲ ತೂತು ಮಾಡಿ, ಪ್ಲಗ್ ಕಿತ್ತ ಬೋರ್ಡಿನ ಮೇಲೆ ಅಡ್ಡ ಹಿಡಿದು, ಒಂದಡಿ ದೂರದಿಂದ ಹೇರ್ ಡ್ರೈಯರ್‌ನಲ್ಲಿ ಎರಡು ನಿಮಿಷ ಬಿಸಿಗಾಳಿ ಬಿಟ್ಟೆ. ಮೊದಲ ಬೆಳಗ್ಗೆ ತೂತು ಪ್ರೊಸೆಸರ್ ಪಕ್ಕದ ಕೆಪಾಸಿಟರ್‌ಗಳ ಮೇಲೆ: ಬೂಟ್ ಆಗಲಿಲ್ಲ. ಮರುದಿನ ರ‍್ಯಾಮ್ ಪಕ್ಕದ ನಾಲ್ಕರ ಮೇಲೆ: ಮೊದಲ ಸಲಕ್ಕೇ ಡೆಸ್ಕ್‌ಟಾಪ್ ಬಂತು.

ಹೊಸ ಕೆಪಾಸಿಟರ್ ಕೊಳ್ಳುವಾಗ '105 ಡಿಗ್ರಿ, ಲೋ ಇಎಸ್‌ಆರ್' ಎಂದೇ ಕೇಳಿ, ಇಎಸ್‌ಆರ್ ಎಂದರೆ ಮೇಲೆ ಹೇಳಿದ ಒಳರೋಧ. ಟಿವಿ ರಿಪೇರಿಯವರ ಬಳಿ ಸಿಗುವ ಸಾಮಾನ್ಯ 85 ಡಿಗ್ರಿಯದು ಇಲ್ಲಿ ಬಾಳುವುದಿಲ್ಲ. ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ. ಮೈಕ್ರೊಫ್ಯಾರಡ್ ಅಷ್ಟೇ ಇರಲಿ. ವೋಲ್ಟ್ 6.3ರ ಬದಲು 10 ಆದರೂ ಸರಿ, ಕಡಿಮೆ ಮಾತ್ರ ಬೇಡ. 8 ಮಿಲಿಮೀಟರ್ ದಪ್ಪದ್ದಕ್ಕೆ ಕಾಲುಗಳ ಅಂತರ 3.5 ಮಿಲಿಮೀಟರ್. ಇನ್ನೂ ದಪ್ಪನೆಯದು ತೂತಿಗೆ ಕೂರದು.

ಮದರ್‌ಬೋರ್ಡ್ ಹಲವು ಪದರದ್ದು, ಒಳಗಿನ ತಾಮ್ರ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. 25 ವ್ಯಾಟ್ ಐರನ್‌ನಿಂದ ಒತ್ತಿ ಒತ್ತಿ ಎಳೆದರೆ ತೂತಿನ ಒಳಗೋಡೆ ಕಿತ್ತು ಬಂದು ಬೋರ್ಡೇ ಹೋಗುತ್ತದೆ. 60 ವ್ಯಾಟ್ ಬೇಕು. ಹಳೇ ಬೆಸುಗೆಗೆ ಮೊದಲು ಹೊಸ 60/40 ಸೀಸ (ತವರ-ಸೀಸದ ಬೆಸುಗೆ ತಂತಿ) ಸ್ವಲ್ಪ ಬೆರೆಸಿ, ಆಗ ಬೇಗ ಕರಗುತ್ತದೆ. ಒಂದು ಕಾಲು ಕಾಯಿಸಿ ಸ್ವಲ್ಪ ವಾಲಿಸಿ, ಇನ್ನೊಂದು ಕಾಲು ಕಾಯಿಸಿ ಇತ್ತ ವಾಲಿಸಿ, ಹೀಗೆ ನಿಧಾನವಾಗಿ ಹೊರಗೆ ತನ್ನಿ. ಸೀಸ ತುಂಬಿದ ತೂತನ್ನು ಕಾಯಿಸುತ್ತಲೇ ಹಲ್ಲುಕಡ್ಡಿ ತೂರಿಸಿ ಬಿಡಿಸಿಕೊಳ್ಳಬಹುದು.

ಕೆಪಾಸಿಟರ್ ಮೇಲಿನ ಪಟ್ಟೆ ಮೈನಸ್. ಬೋರ್ಡಿನ ಮೇಲೆ ಬಣ್ಣ ತುಂಬಿದ ಅರ್ಧ ಸಾಮಾನ್ಯವಾಗಿ ಮೈನಸ್, ಕೆಲವು ಬೋರ್ಡ್‌ಗಳಲ್ಲಿ ಉಲ್ಟಾ. ಆದ್ದರಿಂದ ಕೀಳುವ ಮುನ್ನವೇ ಫೋಟೊ ತೆಗೆದಿಟ್ಟುಕೊಳ್ಳಿ. ಉಲ್ಟಾ ಹಾಕಿದ್ದು ಸಿಡಿಯುತ್ತದೆ. ಉಬ್ಬಿದ್ದು ಒಂದೇ ಆದರೂ ನಾಲ್ಕನ್ನೂ ಬದಲಿಸಿದೆ, ಅವುಗಳ ವಯಸ್ಸು ಒಂದೇ.

ಮರುದಿನ ಬೆಳಗ್ಗೆ ತಣ್ಣಗಿನ ಯಂತ್ರದಲ್ಲೇ ಮೆಮ್‌ಟೆಸ್ಟ್: ನಾಲ್ಕು ಪಾಸ್ (ಪೂರ್ತಿ ಸುತ್ತು), ತಪ್ಪು ಸೊನ್ನೆ. ಆಮೇಲೆ ಹತ್ತು ಬೆಳಗ್ಗೆ ಒಂದೇ ಸಲಕ್ಕೆ ಬೂಟ್ ಆಯಿತು. ಪದೇ ಪದೇ ಅರ್ಧಕ್ಕೆ ನಿಂತ ಡಿಸ್ಕ್ ಆದ್ದರಿಂದ ಈಗ ಚೆಕ್‌ಡಿಸ್ಕ್ ಮತ್ತು ವಿಂಡೋಸ್ ಫೈಲ್ ಸರಿಪಡಿಸುವ 'ಎಸ್‌ಎಫ್‌ಸಿ ಸ್ಕ್ಯಾನ್‌ನೌ' ಓಡಿಸಿದೆ, ಫಾರ್ಮ್ಯಾಟ್ ಬೇಕಾಗಲಿಲ್ಲ.

ವಿಂಡೋಸ್ 7ಕ್ಕೆ ಮೈಕ್ರೊಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಹಾಗೆಂದು ಈ ಬೋರ್ಡಿಗೆ ವಿಂಡೋಸ್ 11ರ 24ಎಚ್2 ಆವೃತ್ತಿ ಹಾಕಲು ಹೋಗಬೇಡಿ. ಅದಕ್ಕೆ ಬೇಕಾದ 'ಪಾಪ್‌ಕೌಂಟ್' ಎಂಬ ಪ್ರೊಸೆಸರ್ ಸೂಚನೆ ಕೋರ್ 2 ಡ್ಯುಯೊದಲ್ಲಿ ಇಲ್ಲ, ಆದ್ದರಿಂದ ಬೂಟ್ ಪೂರ್ತಿ ಆಗುವುದೇ ಇಲ್ಲ. ನೋಡಲು ಇದೇ ರೋಗದಂತೆ ಕಂಡರೂ ಅಲ್ಲಿ ಬೋರ್ಡ್ ಬಿಚ್ಚುವ ಅಗತ್ಯವಿಲ್ಲ. 4 ಜಿಬಿ ರ‍್ಯಾಮ್‌ಗೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹೊಂದುತ್ತದೆ.